ಕೊರಿಯಾದ ಮೊಲ ಮತ್ತು ನಮ್ಮ ಮನೆಯ ಮೌನ

1994ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಕಿಮ್ ಯಂಗ್ ಸ್ಯಾಮ್‌ರಿಗೆ ಅವರ ವಿಜ್ಞಾನ ಮತ್ತು ತಂತ್ರಜ್ಞಾನ ಸಲಹಾ ಮಂಡಳಿಯು ಒಂದು ವರದಿಯನ್ನು ಸಲ್ಲಿಸಿತು. ಅದರಲ್ಲಿ ಎಲ್ಲರ ಗಮನ ಸೆಳೆದ ಒಂದು ಹೋಲಿಕೆಯಿತ್ತು. ಅಮೇರಿಕದ ‘ಜುರಾಸಿಕ್ ಪಾರ್ಕ್’ ಎಂಬ ಒಂದೇ ಒಂದು ಚಲನಚಿತ್ರದ ಗಳಿಕೆಯು 15 ಲಕ್ಷ ಹ್ಯುಂಡೈ ಕಾರುಗಳನ್ನು ವಿದೇಶಕ್ಕೆ ಮಾರಿದಾಗ ಬರುವ ಆದಾಯಕ್ಕೆ ಸಮ ಎಂಬುದೇ ಆ ಹೋಲಿಕೆ. ಬೆವರು ಸುರಿಸಿ ಕಾರು, ಹಡಗು, ಉಕ್ಕು ತಯಾರಿಸುತ್ತಿದ್ದ ದೇಶ ಅದು. ಸಂಸ್ಕೃತಿಯೆಂಬುದು ಹೊಟ್ಟೆ ತುಂಬಿದವರ ವಿರಾಮದ ವಿಷಯ ಎಂದು ಅಲ್ಲಿಯವರೆಗೆ ಭಾವಿಸಿದ್ದ ಅಧಿಕಾರಿಗಳು ಆ ಬಳಿಕ ಬೇರೆಯೇ ರೀತಿಯಲ್ಲಿ ಯೋಚಿಸತೊಡಗಿದರು.

ಈ ವರದಿಗೆ 31 ವರ್ಷಗಳು ತುಂಬಿದಾಗ, 2025ರ ಜೂನ್ 20ರಂದು, ನೆಟ್‌ಫ್ಲಿಕ್ಸ್‌ನಲ್ಲಿ ‘ಕೆ-ಪಾಪ್ ಡೆಮನ್ ಹಂಟರ್ಸ್’ ಎಂಬ ಅನಿಮೇಶನ್ ಚಿತ್ರವೊಂದು ಬಿಡುಗಡೆಯಾಯಿತು. ಮೂವರು ಗಾಯಕಿಯರು ವೇದಿಕೆಯ ಮೇಲೆ ಹಾಡುತ್ತಾರೆ. ವೇದಿಕೆಯಿಂದ ಇಳಿದ ಬಳಿಕ ದೆವ್ವಗಳ ವಿರುದ್ಧ ಹೋರಾಡುತ್ತಾರೆ. ಅವರ ಎದುರಾಳಿಗಳೂ ಗಾಯಕರ ತಂಡವೇ. ಕೊರಿಯಾದ ಜಾನಪದ ನಂಬಿಕೆಯಲ್ಲಿ ಕಪ್ಪು ಟೋಪಿ ಧರಿಸಿ ಸತ್ತವರನ್ನು ಕರೆದೊಯ್ಯಲು ಬರುವ ಮೃತ್ಯುದೂತರಿದ್ದಾರಲ್ಲ, ಆ ವೇಷವನ್ನು ತೊಟ್ಟವರು ಅವರು. ಆ ವರ್ಷದ ಆಗಸ್ಟ್‌ನಲ್ಲಿ ಈ ಚಿತ್ರವು ನೆಟ್‌ಫ್ಲಿಕ್ಸ್‌ನ ಇತಿಹಾಸದಲ್ಲೇ ಅತಿ ಹೆಚ್ಚು ವೀಕ್ಷಿಸಲ್ಪಟ್ಟ ಚಲನಚಿತ್ರವೆನಿಸಿತು. ಅದರ ‘ಗೋಲ್ಡನ್’ ಎಂಬ ಹಾಡು ಅಮೇರಿಕದ ಬಿಲ್‌ಬೋರ್ಡ್ ಪಟ್ಟಿಯ ಪ್ರಥಮ ಸ್ಥಾನಕ್ಕೇರಿತು. ಚಿತ್ರದಲ್ಲಿ ಬರುವ ನೀಲಿ ಹುಲಿ ಮತ್ತು ಮ್ಯಾಗ್‌ಪೈ ಹಕ್ಕಿಯ ಜೋಡಿಯು ಕೊರಿಯಾದ ಹಳೆಯ ಜನಪದ ಚಿತ್ರಗಳಿಂದ ಎದ್ದು ಬಂದದ್ದು. ಆ ಹುಲಿಯ ಬೆನ್ನು ಹತ್ತಿ ಜನರು ಸಿಯೋಲ್‌ನ ರಾಷ್ಟ್ರೀಯ ವಸ್ತು ಸಂಗ್ರಹಾಲಯದ ಮುಂದೆ ಸರತಿ ನಿಂತರು. 2025ರಲ್ಲಿ ಅಲ್ಲಿಗೆ ಭೇಟಿಯಿತ್ತವರ ಸಂಖ್ಯೆ ಮೊತ್ತಮೊದಲ ಬಾರಿಗೆ 50 ಲಕ್ಷವನ್ನು ದಾಟಿತು.

ಇದನ್ನೆಲ್ಲ ನಾವೇಕೆ ಓದಬೇಕು ಎಂಬ ಪ್ರಶ್ನೆ ಸಹಜ. ಉತ್ತರ ನಮ್ಮ ಮನೆಗಳಲ್ಲೇ ಇದೆ. ಊಟದ ಹೊತ್ತಿಗೆ ಕರೆದರೂ ಓಗೊಡದ ಮಗಳ ಕೈಯಲ್ಲಿನ ಮೊಬೈಲನ್ನು ಒಮ್ಮೆ ಇಣುಕಿ ನೋಡಿ. ಬಿಟಿಎಸ್‌ನ ಏಳು ಮಂದಿಯ ಹೆಸರನ್ನೂ ಹುಟ್ಟಿದ ದಿನವನ್ನೂ ಆಕೆ ಒಂದೇ ಉಸಿರಿಗೆ ಹೇಳಬಲ್ಲಳು. ‘ಅಣ್ಣ’ನಿಗೆ ಕೊರಿಯಾ ಭಾಷೆಯಲ್ಲಿ ಏನನ್ನುತ್ತಾರೆಂದು ಆಕೆಗೆ ಗೊತ್ತು. ಆದರೆ ತನ್ನ ಅಜ್ಜಿಯ ಊರು ಯಾವುದು, ಆ ಅಜ್ಜಿ ಬಾಲ್ಯದಲ್ಲಿ ಯಾವ ಕಥೆ ಕೇಳಿ ಬೆಳೆದರು ಎಂದು ಕೇಳಿದರೆ ಆಕೆ ಮೌನವಾಗುತ್ತಾಳೆ. ಇದನ್ನು ಕಂಡ ಹೆತ್ತವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕಾಣಿಸುತ್ತವೆ. ಒಂದು, ‘ಮಕ್ಕಳಲ್ಲವೇ, ನೋಡಲಿ ಬಿಡಿ’ ಎಂಬ ಉದಾಸೀನ. ಇನ್ನೊಂದು, ಮೊಬೈಲನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕುವ ಕೋಪ. ಈ ಎರಡೂ ಪ್ರತಿಕ್ರಿಯೆಗಳನ್ನು ಕೊರಿಯಾ ಎಂಬ ದೇಶವೇ ಒಂದು ಕಾಲದಲ್ಲಿ ಅನುಭವಿಸಿ ನೋಡಿದೆ. ಅದರ ಫಲಿತಾಂಶವೇನು ಎಂಬುದರಲ್ಲಿ ನಮಗೊಂದು ಪಾಠವಿದೆ.

1910ರಿಂದ 1945ರ ವರೆಗೆ ಕೊರಿಯಾವು ಜಪಾನಿನ ವಸಾಹತಾಗಿತ್ತು. ಕೊನೆಯ ವರ್ಷಗಳಲ್ಲಂತೂ ಆ ಆಡಳಿತವು ಕೊರಿಯನ್ನರ ಹೆಸರು ಮತ್ತು ನಾಲಗೆಗೇ ಕೈ ಹಾಕಿತು. ಶಾಲೆಗಳಿಂದ ಕೊರಿಯಾ ಭಾಷೆ ಹೊರಬಿತ್ತು. 1940ರಲ್ಲಿ ಜನರು ಜಪಾನೀ ಹೆಸರುಗಳನ್ನು ಇಟ್ಟುಕೊಳ್ಳುವಂತೆ ಒತ್ತಡ ಹೇರಲಾಯಿತು. ಅದೇ ವರ್ಷ ಪ್ರಮುಖ ಕೊರಿಯಾ ಪತ್ರಿಕೆಗಳನ್ನು ಮುಚ್ಚಿಸಲಾಯಿತು. ಇಂಥ ಗಾಯವನ್ನು ಹೊತ್ತ ದೇಶವು ಸ್ವತಂತ್ರವಾದ ಬಳಿಕ ಜಪಾನಿನ ಸಿನಿಮಾ, ಹಾಡು, ಕಾಮಿಕ್ ಪುಸ್ತಕಗಳಿಗೆ ಬಾಗಿಲು ಮುಚ್ಚಿದ್ದು ಆಶ್ಚರ್ಯವಲ್ಲ. ಆ ಬಾಗಿಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಯೇ ಇತ್ತು.

ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಗಾಳಿ ನಿಂತಿತೇ? ಜಪಾನಿನ ಹಾಡುಗಳ ಕಳ್ಳ ಕ್ಯಾಸೆಟ್‌ಗಳು ಸಿಯೋಲ್‌ನ ಬೀದಿಗಳಲ್ಲಿ ಬಿಕರಿಯಾದವು. ಜಪಾನಿನ ಕಾರ್ಟೂನುಗಳು ಹೆಸರು ಬದಲಿಸಿಕೊಂಡು ಟಿ.ವಿ.ಯಲ್ಲಿ ಪ್ರಸಾರವಾದವು. ಮುಂಬಾಗಿಲಿನಿಂದ ಬರಲಾಗದ್ದು ಹಿಂಬಾಗಿಲಿನಿಂದ ಬಂತು. ಹಾಗೆ ಬಂದದ್ದನ್ನು ಬಹಿರಂಗವಾಗಿ ವಿಮರ್ಶಿಸುವುದಕ್ಕೂ ಅವಕಾಶವಿರಲಿಲ್ಲ. ಯಾಕೆಂದರೆ, ಅಧಿಕೃತವಾಗಿ ಅಂಥದ್ದೊಂದು ಅಸ್ತಿತ್ವದಲ್ಲೇ ಇರಲಿಲ್ಲ.

1998ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಿಮ್ ಡೇ ಜಂಗ್‌ರು ಈ ನಿಷೇಧವನ್ನು ಹಂತಹಂತವಾಗಿ ತೆರವುಗೊಳಿಸಲು ಪ್ರಾರಂಭಿಸಿದಾಗ ದೇಶದಲ್ಲಿ ದೊಡ್ಡ ಆತಂಕವಿತ್ತು. ಜಪಾನಿನ ಸಂಸ್ಕೃತಿಯು ಪ್ರವಾಹದಂತೆ ನುಗ್ಗಿ ನಮ್ಮ ಮಕ್ಕಳನ್ನು ಕೊಚ್ಚಿಕೊಂಡು ಹೋಗಲಿದೆ ಎಂದು ಅನೇಕರು ಭಯಪಟ್ಟರು. ಆದದ್ದೇನು? ಕೊರಿಯಾದ ‘ವಿಂಟರ್ ಸೊನಾಟ’ ಎಂಬ ಧಾರಾವಾಹಿಯು 2003ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿಯಲ್ಲಿ ಪ್ರಸಾರವಾಯಿತು; ಜಪಾನಿನ ಗೃಹಿಣಿಯರು ಅದರ ನಾಯಕ ನಟನಿಗಾಗಿ ವಿಮಾನ ನಿಲ್ದಾಣದಲ್ಲಿ ಗುಂಪುಗೂಡಿದರು. ಪ್ರವಾಹ ಬಂತು ನಿಜ. ಆದರೆ ಅದು ಹರಿದದ್ದು ಎದುರು ದಿಕ್ಕಿಗೆ.

ಅಂದಹಾಗೆ, ನಿಷೇಧದ ಇನ್ನೊಂದು ಕಥೆ ನಮ್ಮ ದೇಶದಲ್ಲೇ ಇದೆ. 2000ದ ಸೆಪ್ಟೆಂಬರ್‌ನಲ್ಲಿ ಮಣಿಪುರದ ಸಶಸ್ತ್ರ ಸಂಘಟನೆಯಾದ ರೆವಲ್ಯೂಶನರಿ ಪೀಪಲ್ಸ್ ಫ್ರಂಟ್ ಹಿಂದಿ ಚಲನಚಿತ್ರಗಳನ್ನು ನಿಷೇಧಿಸಿತು. ಸ್ಥಳೀಯ ಸಂಸ್ಕೃತಿಯ ರಕ್ಷಣೆಯೇ ಅದು ಕೊಟ್ಟ ಕಾರಣ. ಇಂಫಾಲದ ಚಿತ್ರಮಂದಿರಗಳಿಂದ ಬಾಲಿವುಡ್ ಕಣ್ಮರೆಯಾಯಿತು. ಆದರೆ ಖಾಲಿಯಾದ ಆ ಜಾಗದ ಬಹುಭಾಗವನ್ನು ಕೊರಿಯಾದ ‘ಅರಿರಾಂಗ್’ ಎಂಬ ಟಿ.ವಿ. ವಾಹಿನಿ ಮತ್ತು ಕೊರಿಯಾದ ಸಿಡಿಗಳು ತುಂಬಿದವು. ಮಣಿಪುರದ ಯುವಕರ ಕೇಶವಿನ್ಯಾಸ, ಉಡುಪು, ಮಾತಿನ ನಡುವಿನ ಪದಗಳೆಲ್ಲ ಕೊರಿಯಾಮಯವಾದವು. ಮನಸ್ಸಿನ ಹಸಿವನ್ನು ಆಜ್ಞೆಯಿಂದ ನೀಗಿಸಲು ಸಾಧ್ಯವಿಲ್ಲ. ಒಂದು ತಟ್ಟೆಯನ್ನು ಕಿತ್ತುಕೊಂಡರೆ ಅದು ಇನ್ನೊಂದು ತಟ್ಟೆಯತ್ತ ಕೈ ಚಾಚುತ್ತದೆ, ಅಷ್ಟೇ.

ಹಾಗಾದರೆ ಕೊರಿಯಾ ಗೆದ್ದದ್ದು ಹೇಗೆ? ಸರಕಾರ ಹಣ ಸುರಿಯಿತು, ಆದ್ದರಿಂದ ಗೆದ್ದಿತು ಎಂಬುದು ಸುಲಭದ ಉತ್ತರ. 1999ರಲ್ಲಿ ಸಾಂಸ್ಕೃತಿಕ ಉದ್ಯಮದ ಪ್ರೋತ್ಸಾಹಕ್ಕಾಗಿ ಅಲ್ಲಿ ಪ್ರತ್ಯೇಕ ಕಾನೂನು ಬಂದದ್ದು ನಿಜ. ಆದರೆ ಹಣಕ್ಕಿಂತ ಮೊದಲು ಬಂದದ್ದು ಸ್ವಾತಂತ್ರ್ಯ. 1995ರಲ್ಲಿ ಸಿಯೊ ತೈಜಿ ಎಂಬ ಜನಪ್ರಿಯ ಗಾಯಕನ ಹಾಡೊಂದರ ಸಾಲುಗಳನ್ನು ಬದಲಿಸುವಂತೆ ಸೆನ್ಸಾರ್ ಸಮಿತಿ ಸೂಚಿಸಿದಾಗ ಆತ ಪದಗಳನ್ನೆಲ್ಲ ತೆಗೆದುಹಾಕಿ ಬರೇ ಸಂಗೀತವನ್ನು ಬಿಡುಗಡೆಗೊಳಿಸಿದ. ಆ ಮೌನವೇ ಪ್ರತಿಭಟನೆಯಾಯಿತು. ಮರುವರ್ಷ, 1996ರಲ್ಲಿ, ಹಾಡುಗಳ ಪೂರ್ವ ಸೆನ್ಸಾರ್ ರದ್ದಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿನಿಮಾಗಳ ಪೂರ್ವ ಸೆನ್ಸಾರ್ ಸಂವಿಧಾನಬಾಹಿರ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು. ನೆರವು ಕೊಡಬೇಕು, ಆದರೆ ಮೂಗು ತೂರಿಸಬಾರದು ಎಂಬುದು ಕಿಮ್ ಡೇ ಜಂಗ್‌ರ ನಿಲುವಾಗಿತ್ತು. ಮುಂದೆ ಬಂದ ಸರಕಾರವೊಂದು ಈ ನಿಲುವನ್ನು ಮುರಿಯಿತು. ಟೀಕಾಕಾರ ಕಲಾವಿದರ ಕರಿಪಟ್ಟಿಯನ್ನು ರಹಸ್ಯವಾಗಿ ತಯಾರಿಸಿ ಅವರಿಗೆ ಸರಕಾರಿ ನೆರವು ಸಿಗದಂತೆ ತಡೆಯಿತು. 2016ರಲ್ಲಿ ಈ ಗುಟ್ಟು ರಟ್ಟಾದಾಗ ಅಧ್ಯಕ್ಷೆ ಪಾರ್ಕ್ ಗ್ಯೂನ್ ಹೈ ಅವರ ಆಪ್ತರು ಜೈಲು ಸೇರಿದರು. ಆ ಪಟ್ಟಿಯಲ್ಲಿದ್ದ ಬಾಂಗ್ ಜೂನ್ ಹೊ ಎಂಬ ನಿರ್ದೇಶಕನೇ ‘ಪ್ಯಾರಸೈಟ್’ ಚಿತ್ರವನ್ನು ನಿರ್ಮಿಸಿ, 2020ರಲ್ಲಿ ಇಂಗ್ಲಿಷೇತರ ಭಾಷೆಗೆ ಮೊತ್ತಮೊದಲ ಬಾರಿ ಅತ್ಯುತ್ತಮ ಚಿತ್ರದ ಆಸ್ಕರ್ ತಂದುಕೊಟ್ಟ. ಪ್ರಭುತ್ವವು ಯಾರನ್ನು ದೇಶಕ್ಕೆ ಅಪಾಯವೆಂದು ಪಟ್ಟಿ ಮಾಡಿತೋ ಅವನಿಂದಲೇ ದೇಶಕ್ಕೆ ಕೀರ್ತಿ ಬಂತು. ಕಲಾವಿದರ ದೇಶಪ್ರೇಮವನ್ನು ತಕ್ಕಡಿಯಲ್ಲಿಟ್ಟು ತೂಗುವ ಎಲ್ಲ ದೇಶಗಳೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೂ ಹಣ ಮತ್ತು ಸ್ವಾತಂತ್ರ್ಯ ಇವೆರಡೇ ಸಾಲವು. ಹೇಳಲು ಏನಾದರೂ ಇರಬೇಕಲ್ಲವೇ? ಕೊರಿಯಾದ ಬಳಿ ಅದಿತ್ತು. ಯಾಕೆಂದರೆ, ಯಾರೂ ಕೇಳದ ಕಾಲದಲ್ಲೂ ಅದನ್ನು ಕಾಪಾಡಿಟ್ಟವರು ಅಲ್ಲಿದ್ದರು.

ವಸಾಹತು ಕಾಲದಲ್ಲಿ ಕೊರಿಯಾ ಭಾಷಾ ಸಂಘವೊಂದು ತನ್ನ ಭಾಷೆಯ ನಿಘಂಟು ತಯಾರಿಸುತ್ತಿತ್ತು. 1942ರಲ್ಲಿ ಜಪಾನೀ ಪೊಲೀಸರು ಅದರ ವಿದ್ವಾಂಸರನ್ನು ಬಂಧಿಸಿದರು. ಇಬ್ಬರು ಸೆರೆಯಲ್ಲೇ ಪ್ರಾಣ ಬಿಟ್ಟರು. ಹಸ್ತಪ್ರತಿ ಕಾಣೆಯಾಯಿತು. ಯುದ್ಧ ಮುಗಿದ ಬಳಿಕ, 1945ರ ಸೆಪ್ಟೆಂಬರ್‌ನಲ್ಲಿ, ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಆ ಹಸ್ತಪ್ರತಿ ಪತ್ತೆಯಾಯಿತು. 1947ರಲ್ಲಿ ಅದರ ಮೊದಲ ಸಂಪುಟ ಮುದ್ರಣಗೊಂಡಿತು. ಇಂದು ಜಗತ್ತಿನ ಮಕ್ಕಳು ಯಾವ ಭಾಷೆಯ ಹಾಡನ್ನು ಗುನುಗುತ್ತಿದ್ದಾರೋ ಆ ಭಾಷೆಯ ಪದಗಳಿಗಾಗಿ ಪ್ರಾಣ ಕೊಟ್ಟವರಿದ್ದಾರೆ.

ಹಾಡುಗಬ್ಬದ ಕಥೆಯೂ ಇಂಥದ್ದೇ. ‘ಪನ್ಸೋರಿ’ ಎಂಬುದು ಕೊರಿಯಾದ ಕಥನ ಗಾಯನ. ಒಬ್ಬರು ಬೀಸಣಿಗೆ ಹಿಡಿದು ಹಾಡುತ್ತಾ, ಮಾತಾಡುತ್ತಾ ಗಂಟೆಗಟ್ಟಲೆ ಕಥೆ ಹೇಳುತ್ತಾರೆ. ಇನ್ನೊಬ್ಬರು ಡೋಲು ಬಾರಿಸುತ್ತಾರೆ. ಒಂದು ಕಾಲದಲ್ಲಿದ್ದ 12 ದೀರ್ಘ ಕಥನಗಳಲ್ಲಿ ಉಳಿದುಬಂದದ್ದು ಐದು ಮಾತ್ರ. 1964ರಲ್ಲಿ, ಅಂದರೆ ದೇಶ ಇನ್ನೂ ಬಡತನದಲ್ಲಿದ್ದಾಗಲೇ, ಸರಕಾರವು ಪನ್ಸೋರಿಯನ್ನು ಸಂರಕ್ಷಿತ ಪರಂಪರೆ ಎಂದು ಘೋಷಿಸಿ, ಹಿರಿಯ ಗಾಯಕರು ಶಿಷ್ಯರನ್ನು ತಯಾರುಗೊಳಿಸಲು ನೆರವಿತ್ತಿತು. ಅದಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, 2020ರಲ್ಲಿ, ಇನಾಲ್ಚಿ ಎಂಬ ತಂಡವು ಆ ಐದರಲ್ಲಿ ಒಂದಾದ ‘ಸುಗುಂಗ್ಗಾ’ವನ್ನು ಆಧುನಿಕ ವಾದ್ಯಗಳೊಂದಿಗೆ ಹಾಡಿತು. ಕೊರಿಯಾದ ಪ್ರವಾಸೋದ್ಯಮ ಇಲಾಖೆಯ ವೀಡಿಯೋದಲ್ಲಿ ಬಳಕೆಯಾದ ಅದರ ‘ಹುಲಿ ಇಳಿದು ಬರುತ್ತಿದೆ’ ಎಂಬ ಹಾಡು ಜಗತ್ತಿನಾದ್ಯಂತ ಸದ್ದು ಮಾಡಿತು.

ಆ ಹಾಡಿನ ಹಿಂದಿನ ಕಥೆಯನ್ನು ಸ್ವಲ್ಪ ಕೇಳಿ. ಸಮುದ್ರದ ಅರಸನಿಗೆ ಕಾಯಿಲೆ. ಮೊಲದ ಯಕೃತ್ತೊಂದೇ ಅದಕ್ಕೆ ಮದ್ದು. ನಿಷ್ಠಾವಂತ ಆಮೆಯು ಮೊಲದ ಚಿತ್ರವನ್ನು ಹಿಡಿದುಕೊಂಡು ದಡಕ್ಕೆ ಬರುತ್ತದೆ. ಬಹುದೂರ ಈಜಿ ದವಡೆ ಸೋತ ಆಮೆಯು ‘ಮೊಲರಾಯರೇ’ ಎಂದು ಕರೆಯಲು ಹೋಗಿ, ನಾಲಗೆ ತಪ್ಪಿ ‘ಹುಲಿರಾಯರೇ’ ಎಂದುಬಿಡುತ್ತದೆ. ಬೆಟ್ಟದಿಂದ ಹುಲಿ ಇಳಿದು ಬರುವುದು ಆಗಲೇ. ಹೇಗೋ ಪಾರಾದ ಆಮೆಯು ಕೊನೆಗೆ ಮೊಲವನ್ನು ಪುಸಲಾಯಿಸಿ ಅರಮನೆಗೆ ಒಯ್ಯುತ್ತದೆ. ಅಪಾಯವರಿತ ಮೊಲ, ‘ಅಯ್ಯೋ, ಯಕೃತ್ತನ್ನು ದಡದಲ್ಲೇ ಬಿಟ್ಟು ಬಂದೆನಲ್ಲ’ ಎನ್ನುತ್ತದೆ. ಆಮೆಯ ಬೆನ್ನೇರಿ ಮರಳಿ ದಡ ಸೇರಿ, ನಗುತ್ತಾ ಓಡಿಹೋಗುತ್ತದೆ.

ಈ ಕಥೆಯನ್ನು ನೀವು ಕೇಳಿದ್ದೀರಿ. ಮೊಲದ ಜಾಗದಲ್ಲಿ ಮಂಗ, ಆಮೆಯ ಜಾಗದಲ್ಲಿ ಮೊಸಳೆ, ಯಕೃತ್ತಿನ ಜಾಗದಲ್ಲಿ ಹೃದಯವನ್ನು ಇಟ್ಟು ನೋಡಿ. ಹೌದು, ಪಂಚತಂತ್ರದ ಮತ್ತು ಜಾತಕ ಕಥೆಗಳ ಅದೇ ಮಂಗ ಇದು. ಬೌದ್ಧ ಗ್ರಂಥಗಳೊಂದಿಗೆ ಚೀನಾದ ಹಾದಿಯಾಗಿ ಅದು ಕೊರಿಯಾ ತಲುಪಿತು. 1145ರಲ್ಲಿ ರಚನೆಯಾದ ಕೊರಿಯಾದ ಇತಿಹಾಸ ಗ್ರಂಥ ‘ಸಾಮ್‌ಗುಕ್ ಸಾಗಿ’ಯಲ್ಲೇ ಈ ಮೊಲದ ಕಥೆ ದಾಖಲಾಗಿದೆ. ಅದೇ ಕಥೆ ಪಶ್ಚಿಮಕ್ಕೂ ಪ್ರಯಾಣಿಸಿತು. ಪಂಚತಂತ್ರವು ಪಹ್ಲವಿ ಭಾಷೆಗೆ ಹೋಯಿತು. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಅ್‌ರು ಅದನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಲ್ಲಿ ಅರಬಿಗೆ ತಂದರು. ಕರಟಕ, ದಮನಕರೇ ಕಲೀಲ ಮತ್ತು ದಿಮ್ನ. ಅರಬಿಯ ಆ ಗ್ರಂಥದಲ್ಲೂ ಮಂಗನ ಜೊತೆಗಾರ ಮೊಸಳೆಯಲ್ಲ, ಆಮೆ. ನಮ್ಮ ಕನ್ನಡದಲ್ಲಿ ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹನು ಪಂಚತಂತ್ರವನ್ನು ಬರೆದ. ಅಂದರೆ, ಮಗಳ ಮೊಬೈಲಿನಲ್ಲಿ ಕುಣಿಯುತ್ತಿರುವ ‘ಪರದೇಶಿ’ ಕಥೆಗೂ ಆಕೆಯ ಮುತ್ತಜ್ಜಿ ಹೇಳಿರಬಹುದಾದ ಕಥೆಗೂ ಬೇರು ಒಂದೇ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಕೊರಿಯಾ ತನಗೆ ಸಿಕ್ಕಿದ ಕಥೆಯನ್ನು ಬಿಡದೆ ಹೇಳುತ್ತಾ ಬಂತು. ನಾವು ಹೇಳುವುದನ್ನು ನಿಲ್ಲಿಸಿದೆವು.

ಕೊರಿಯಾದ ಜಾನಪದದಲ್ಲಿ ‘ದೊಕ್ಕೆಬಿ’ ಎಂಬ ಒಂದು ಪಾತ್ರವಿದೆ. ಜನರು ಬಳಸಿ ಎಸೆದ ಹಳೆಯ ಪೊರಕೆ, ಒನಕೆಯಂಥ ವಸ್ತುಗಳು ರಾತ್ರಿ ಹೊತ್ತು ಜೀವ ತಳೆದು ದೊಕ್ಕೆಬಿಯಾಗುತ್ತವೆ ಎಂಬುದು ಅಲ್ಲಿನ ಹಳ್ಳಿಗರ ನಂಬಿಕೆಯಾಗಿತ್ತು. ಅದು ದಾರಿಹೋಕರನ್ನು ಕುಸ್ತಿಗೆ ಕರೆಯುತ್ತದೆ. ಒಳ್ಳೆಯವನಿಗೆ ಸಂಪತ್ತು ಕೊಡುತ್ತದೆ, ದುರಾಸೆಯವನನ್ನು ಗೋಳು ಹೊಯ್ದುಕೊಳ್ಳುತ್ತದೆ. ಅದರ ತಲೆಯ ಮೇಲೆ ಕೊಂಬು ಬಂದದ್ದು ಜಪಾನಿನ ಆಡಳಿತ ಕಾಲದ ಪಠ್ಯಪುಸ್ತಕಗಳ ಪ್ರಭಾವದಿಂದ ಎಂದು ಅಲ್ಲಿನ ಹಲವು ವಿದ್ವಾಂಸರು ವಾದಿಸಿದ್ದಾರೆ. 2016ರ ಡಿಸೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ ‘ಗಾಬ್ಲಿನ್’ ಧಾರಾವಾಹಿಯು ಇದೇ ದೊಕ್ಕೆಬಿಯನ್ನು ಕೊಂಬು ಕಳಚಿ, ಸಾವೂ ಬಾರದೆ ಶತಮಾನಗಳ ಕಾಲ ನರಳುವ ಒಬ್ಬ ಸೇನಾಪತಿಯನ್ನಾಗಿ ಚಿತ್ರಿಸಿತು. ಕಸವೆಂದು ಎಸೆದದ್ದೇ ರಾತ್ರಿ ಎದ್ದು ನಿಂತು ಮನೆಯವರ ಹೆಸರು ಹಿಡಿದು ಕರೆಯಿತು ಎಂದರೂ ಸರಿಯೇ.

ಇಲ್ಲಿ ವಿಶ್ವಾಸಿಗಳಾದ ಹೆತ್ತವರ ಒಂದು ಆಕ್ಷೇಪವಿದೆ. ಈ ಕಥೆಗಳಲ್ಲಿ ಮಾಟ, ಮಂತ್ರ, ಆತ್ಮಗಳ ಆರಾಧನೆ ಇದೆಯಲ್ಲ, ನಮ್ಮ ತೌಹೀದ್‌ನ ಕಲ್ಪನೆಗೆ ಅದು ವಿರುದ್ಧವಲ್ಲವೇ ಎಂಬ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ಕೊರಿಯಾದ ಈ ಕಥೆಗಳ ಹಿಂದೆ ‘ಮುದಾಂಗ್’ ಎಂಬ ಮಾಂತ್ರಿಕ ಸ್ತ್ರೀಯರ ಆಚರಣೆಗಳಿರುವುದು ನಿಜ. ಹೊಸ ಚಿತ್ರದ ಗಾಯಕಿಯರನ್ನೂ ಅವರ ಉತ್ತರಾಧಿಕಾರಿಗಳಂತೆಯೇ ತೋರಿಸಲಾಗಿದೆ. ಆದರೆ ಈ ವ್ಯತ್ಯಾಸವನ್ನು ಮಗುವಿಗೆ ಹೇಳಬೇಕಾದವರು ಯಾರು? ಮಗುವಿನ ಪಕ್ಕ ಕುಳಿತು, ‘ಇದು ಅವರ ನಂಬಿಕೆ, ನಮ್ಮದು ಹೀಗೆ’ ಎಂದು ಶಾಂತವಾಗಿ ವಿವರಿಸಬಲ್ಲ ತಂದೆಯೋ ತಾಯಿಯೋ ಇದ್ದರೆ, ಆ ಚಿತ್ರವೇ ಒಂದು ಪಾಠವಾಗುತ್ತದೆ. ಯಾರೂ ಕುಳಿತುಕೊಳ್ಳದಿದ್ದರೆ ಮಗು ಒಂಟಿಯಾಗಿ ನೋಡುತ್ತದೆ ಮತ್ತು ಒಂಟಿಯಾಗಿಯೇ ತೀರ್ಮಾನಿಸುತ್ತದೆ.

ಮುಸ್ಲಿಮ್ ರಾಷ್ಟ್ರಗಳು ಈ ಅಲೆಯನ್ನು ಎದುರಿಸಿದ ಬಗೆಯೂ ಗಮನಾರ್ಹ. 2015ರ ಜನವರಿಯಲ್ಲಿ ಕೌಲಾಲಂಪುರದ ಕಾರ್ಯಕ್ರಮವೊಂದರಲ್ಲಿ ಕೊರಿಯಾದ ಗಾಯಕರು ಹಿಜಾಬ್ ಧರಿಸಿದ್ದ ಹುಡುಗಿಯರನ್ನು ವೇದಿಕೆಯಲ್ಲಿ ಅಪ್ಪಿಕೊಂಡ ವೀಡಿಯೋ ಹರಡಿತು. ಧಾರ್ಮಿಕ ಇಲಾಖೆಯು ತನಿಖೆಗಿಳಿಯಿತು. ಚರ್ಚೆಯ ಭಾರವೆಲ್ಲ ಆ ಹುಡುಗಿಯರ ಹೆಗಲ ಮೇಲೆ ಬಿತ್ತು. ನಾಲ್ಕು ವರ್ಷಗಳ ಬಳಿಕ, 2019ರ ಅಕ್ಟೋಬರ್ 11ರಂದು, ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಬಿಟಿಎಸ್ ಹಾಡಿತು. ಒಂದೆಡೆ ತನಿಖೆ, ಇನ್ನೊಂದೆಡೆ ಸರಕಾರದ್ದೇ ಸ್ವಾಗತ. ಈ ಎರಡರ ನಡುವೆ ಒಂದು ಕೆಲಸ ಬಾಕಿ ಉಳಿದಿತ್ತು: ಆ ಮಕ್ಕಳೊಂದಿಗೆ ಮಾತಾಡುವುದು. ಅಷ್ಟಕ್ಕೂ ಈ ಅಭಿಮಾನಿಗಳನ್ನು ತಿಳಿಗೇಡಿಗಳೆಂದು ಬದಿಗೆ ಸರಿಸುವುದೂ ಸರಿಯಲ್ಲ. 2020ರ ಜೂನ್‌ನಲ್ಲಿ ಬಿಟಿಎಸ್ ತಂಡವು ಅಮೇರಿಕದ ಕರಿಯರ ಹಕ್ಕುಗಳ ಚಳವಳಿಗೆ 10 ಲಕ್ಷ ಡಾಲರ್ ನೀಡಿದಾಗ, ಅಭಿಮಾನಿಗಳು ಸುಮಾರು ಒಂದೇ ದಿನದಲ್ಲಿ ಅಷ್ಟೇ ಮೊತ್ತವನ್ನು ಸಂಗ್ರಹಿಸಿ ಕೊಟ್ಟರು. 2022ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದ ಕಾಲ್ತುಳಿತದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ ಅಲ್ಲಿನ ಬಿಟಿಎಸ್ ಅಭಿಮಾನಿಗಳು ಸಂತ್ರಸ್ತರಿಗಾಗಿ ಹಣ ಸಂಗ್ರಹಿಸಿದರು. ಅವರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವರು ನಮ್ಮ ಹೆಣ್ಣುಮಕ್ಕಳಂಥ ಮುಸ್ಲಿಮ್ ಹೆಣ್ಣುಮಕ್ಕಳೇ.

ಹಾಗಂತ ಕೊರಿಯಾವನ್ನು ಸ್ವರ್ಗವೆಂದು ಬಿಂಬಿಸುವುದು ನಮ್ಮ ಉದ್ದೇಶವಲ್ಲ. ಆ ಮಿನುಗುವ ವೇದಿಕೆಯ ಅಡಿಯಲ್ಲಿ ಕತ್ತಲೆಯಿದೆ. ಹತ್ತು-ಹನ್ನೆರಡರ ಹರೆಯದ ಮಕ್ಕಳು ಕಂಪೆನಿಗಳಿಗೆ ತರಬೇತಿಗೆಂದು ಸೇರುತ್ತಾರೆ. ವರ್ಷಗಟ್ಟಲೆ ಬೆಳಗಿನಿಂದ ರಾತ್ರಿವರೆಗೆ ಹಾಡು, ಕುಣಿತ, ತೂಕ ಇಳಿಕೆ. 2009ರಲ್ಲಿ ‘ಟಿವಿಎಕ್ಸ್‌ಕ್ಯೂ’ ತಂಡದ ಮೂವರು ತಮ್ಮ 13 ವರ್ಷಗಳ ಕರಾರಿನ ವಿರುದ್ಧ ಕೋರ್ಟಿಗೆ ಹೋದ ಮೇಲೆಯೇ ಈ ಕರಾರುಗಳು ದೇಶದಲ್ಲಿ ದೊಡ್ಡ ಚರ್ಚೆಯಾದದ್ದು. ಅದೇ ವರ್ಷ ಅಲ್ಲಿನ ವ್ಯಾಪಾರ ಆಯೋಗವು ಏಳು ವರ್ಷಗಳ ಮಿತಿಯಿರುವ ಮಾದರಿ ಕರಾರನ್ನು ಪ್ರಕಟಿಸಿತು. 2017ರ ಡಿಸೆಂಬರ್‌ನಲ್ಲಿ 27ರ ಹರೆಯದ ಗಾಯಕ ಜೊಂಗ್‌ಹ್ಯುನ್ ಪ್ರಾಣ ಕಳಕೊಂಡ. 2019ರ ಅಕ್ಟೋಬರ್‌ನಲ್ಲಿ 25ರ ಹರೆಯದ ಸುಲ್ಲಿ, ನವೆಂಬರ್‌ನಲ್ಲಿ 28ರ ಹರೆಯದ ಗೂ ಹಾರಾ. ಅಂತರ್ಜಾಲದ ಕ್ರೂರ ಟೀಕೆಗಳು ಸುಲ್ಲಿಯನ್ನು ವರ್ಷಗಳ ಕಾಲ ಬೆನ್ನಟ್ಟಿದ್ದವು. ಆ ಸಾವಿನ ಬಳಿಕವೇ ಅಲ್ಲಿನ ಪ್ರಮುಖ ಜಾಲತಾಣಗಳು ಮನರಂಜನಾ ಸುದ್ದಿಗಳ ಅಡಿಯಲ್ಲಿ ಪ್ರತಿಕ್ರಿಯೆ ಬರೆಯುವ ಅವಕಾಶವನ್ನು ಮುಚ್ಚಿದವು. ಒಂದೇ ಆಲ್ಬಮ್ಮನ್ನು ಹಲವು ಮುಖಪುಟಗಳಲ್ಲಿ ಮಾರಿ, ಒಳಗೊಂದು ಫೋಟೋ ಕಾರ್ಡ್ ಇಟ್ಟು, ಅದೇ ಹಾಡನ್ನು ಮಕ್ಕಳು ಮತ್ತೆ ಮತ್ತೆ ಖರೀದಿಸುವಂತೆ ಮಾಡುವ ವ್ಯಾಪಾರವನ್ನೂ ಮರೆಯಬಾರದು. ಆ ನಗುಮುಖಗಳಿಗೆ ಎಷ್ಟು ಬೆಲೆ ತೆರಲಾಗಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಇನ್ನು, ಆ ಕನ್ನಡಿಯಲ್ಲಿ ಮುಸ್ಲಿಮನ ಮುಖ ಹೇಗೆ ಕಾಣಿಸುತ್ತದೆ? 2021ರ ‘ಸ್ಕ್ವಿಡ್ ಗೇಮ್’ ಧಾರಾವಾಹಿಯಲ್ಲಿ ಅಲಿ ಎಂಬ ಪಾಕಿಸ್ತಾನಿ ಕಾರ್ಮಿಕನಿದ್ದಾನೆ. ಆ ಪಾತ್ರವನ್ನು ಅಭಿನಯಿಸಿದ್ದು ದೆಹಲಿಯ ಅನುಪಮ್ ತ್ರಿಪಾಠಿ. ಕಾರ್ಖಾನೆಯ ಮಾಲಕ ತಿಂಗಳುಗಟ್ಟಲೆ ಅಲಿಯ ಸಂಬಳ ಕೊಟ್ಟಿಲ್ಲ. ಕೊಲ್ಲಿಗೆ ದುಡಿಯಲು ಹೋದ ಅಣ್ಣನನ್ನೋ ಮಗನನ್ನೋ ಹೊಂದಿರುವ ಯಾವ ಮನೆಗೆ ಈ ಸಂಕಟ ಅಪರಿಚಿತ? ಕೊನೆಗೆ ಅವನು ‘ಅಣ್ಣಾ’ ಎಂದು ನಂಬಿದ ವಿದ್ಯಾವಂತ ಕೊರಿಯನ್ನನೇ ಅವನ ಗೋಲಿಗಳನ್ನು ಕದ್ದು, ಚೀಲದಲ್ಲಿ ಕಲ್ಲು ತುಂಬಿಸಿ ಅವನನ್ನು ಸಾವಿಗೆ ದೂಡುತ್ತಾನೆ. ತನ್ನ ದೇಶವು ವಲಸೆ ಕಾರ್ಮಿಕರನ್ನು ನಡೆಸಿಕೊಳ್ಳುವ ಬಗೆಯನ್ನು ಕೊರಿಯಾದ ಕಥೆಗಾರನೇ ಹೀಗೆ ಜಗತ್ತಿನ ಮುಂದಿಟ್ಟ. ಆದರೆ ಎರಡೇ ವರ್ಷಗಳಲ್ಲಿ, 2023ರ ಜುಲೈಯಲ್ಲಿ, ‘ಕಿಂಗ್ ದ ಲ್ಯಾಂಡ್’ ಎಂಬ ಇನ್ನೊಂದು ಧಾರಾವಾಹಿಯು ಅರಬ್ ರಾಜಕುಮಾರನೊಬ್ಬನನ್ನು ಕುಡುಕ, ಸ್ತ್ರೀಲೋಲನಂತೆ ತೋರಿಸಿತು. ಅರಬ್ ಪ್ರೇಕ್ಷಕರು ಪ್ರತಿಭಟಿಸಿದರು. ನಿರ್ಮಾಪಕರು ಕ್ಷಮೆ ಯಾಚಿಸಿದರು. ಆ ಪಾತ್ರದಲ್ಲಿದ್ದದ್ದೂ ಅದೇ ನಟ.

ತೆರೆಯ ಹೊರಗಿನ ಕೊರಿಯಾವನ್ನೂ ನೋಡೋಣ. ಡೇಗು ನಗರದಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ ಮುಂತಾದೆಡೆಗಳಿಂದ ಬಂದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಬಳಿ ಒಂದು ಪುಟ್ಟ ಮಸೀದಿ ಕಟ್ಟಲು ಹೊರಟರು. 2021ರಲ್ಲಿ ಸ್ಥಳೀಯ ಆಡಳಿತವು ಕಾಮಗಾರಿಯನ್ನು ತಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ಆದರೂ ವಿರೋಧಿಗಳು ಮಸೀದಿಯ ಜಾಗದೆದುರು ಹಂದಿಯ ತಲೆಗಳನ್ನಿಟ್ಟರು, ಹಂದಿ ಮಾಂಸದ ಔತಣ ನಡೆಸಿದರು. ಈ ಸುದ್ದಿ ಓದುವಾಗ ನಮಗೆ ಅದು ದೂರದ ದೇಶದ್ದೆಂದು ಅನಿಸುವುದಿಲ್ಲ. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅಲ್ಲಿನ ಮಾನವ ಹಕ್ಕು ಆಯೋಗವು ಅದನ್ನು ದ್ವೇಷದ ಕೃತ್ಯವೆಂದು ಬಹಿರಂಗವಾಗಿ ಖಂಡಿಸಿತು. ಕೊರಿಯಾದವರೇ ಆದ ನಾಗರಿಕ ಸಂಘಟನೆಗಳು ಆ ವಿದ್ಯಾರ್ಥಿಗಳ ಬೆನ್ನಿಗೆ ನಿಂತವು. ಒಂದು ಸಮಾಜವನ್ನು ಅದರ ನಾಯಕ ನಟರಿಂದ ಮಾತ್ರ ಅಳೆಯಬಾರದು, ಅದರ ಹಂದಿ ತಲೆಗಳಿಂದಲೂ ಮಾತ್ರ ಅಳೆಯಬಾರದು. ನಮ್ಮನ್ನು ಹಾಗೆ ಅಳೆಯಬಾರದೆಂದು ನಾವು ಬಯಸುವುದಿಲ್ಲವೇ?

ಈಗ ಮತ್ತೆ ಮನೆಗೆ ಬರೋಣ. ದಖ್ಖನಿ, ಬ್ಯಾರಿ, ನವಾಯತಿ ಎಂದು ನಮ್ಮ ಮನೆಗಳಲ್ಲಿ ಎಷ್ಟೊಂದು ಮಾತುಗಳಿವೆ. ಮಳೆಗಾಲದ ರಾತ್ರಿ ದೀಪದ ಬುಡದಲ್ಲಿ ಕುಳಿತು ದಾದಿಯೋ ಉಮ್ಮಾಮ್ಮಳೋ ಹೇಳುತ್ತಿದ್ದ ಕಥೆಗಳು, ಮದುವೆಮನೆಯ ಹಾಡುಗಳು, ಗಾದೆ-ಒಗಟುಗಳು ಎಷ್ಟೊಂದಿದ್ದವು! ಅವುಗಳಲ್ಲಿ ಎಷ್ಟನ್ನು ನಾವು ಬರೆದಿಟ್ಟಿದ್ದೇವೆ? 2009ರಲ್ಲಿ ರಾಜ್ಯದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಅದು ಸ್ವಾಗತಾರ್ಹ. ಆದರೆ ಅಕಾಡೆಮಿಯು ಪುಸ್ತಕ ಮುದ್ರಿಸಬಹುದೇ ಹೊರತು ನಮ್ಮ ಮನೆಗೆ ಬಂದು ಮಗುವಿಗೆ ಕಥೆ ಹೇಳಲಾಗದು. ಅನೇಕ ಮನೆಗಳಲ್ಲಿ ಹೆತ್ತವರು ಮಕ್ಕಳೊಂದಿಗೆ ತಮ್ಮ ಮನೆಮಾತನ್ನೇ ಆಡುವುದಿಲ್ಲ. ಇಂಗ್ಲಿಷ್ ಕೆಡುತ್ತದೆಂಬ ಭಯ! ನಮ್ಮಿಂದ ನಮ್ಮ ಭಾಷೆಯನ್ನು ಯಾವ ವಸಾಹತು ಪೊಲೀಸರೂ ಕಿತ್ತುಕೊಂಡಿಲ್ಲ. ನಾವೇ ಅದನ್ನು ಗೋದಾಮಿನಲ್ಲಿಟ್ಟು ಮರೆತಿದ್ದೇವೆ.

ಆದ್ದರಿಂದ, ಮಗಳ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಒಂದು ಸಂಜೆ ಆಕೆಯ ಪಕ್ಕ ಕುಳಿತುಕೊಳ್ಳಿ. ಏನು ನೋಡುತ್ತಿದ್ದೀಯಾ ಎಂದು ಆಸಕ್ತಿಯಿಂದ ಕೇಳಿ. ಸಮಯಕ್ಕೆ ಒಂದು ಮಿತಿ ಹಾಕಿ. ಯಾವುದು ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂಬುದನ್ನು ಕಾರಣ ಕೊಟ್ಟು ಹೇಳಿ. ಆ ಹುಡುಗಿ ಹುಲಿಯ ಹಾಡನ್ನು ಕೇಳಿಸಿದರೆ, ನೀವು ಮಂಗ ಮತ್ತು ಮೊಸಳೆಯ ಕಥೆ ಹೇಳಿ. ಎರಡೂ ಒಂದೇ ಕಥೆಯೆಂದು ತಿಳಿದಾಗ ಆಕೆಯ ಕಣ್ಣು ಅರಳುವುದನ್ನು ನೋಡಿ. ಅಜ್ಜಿ ಇದ್ದರೆ, ಅದೇ ಮೊಬೈಲನ್ನು ಅಜ್ಜಿಯ ಮುಂದಿಟ್ಟು ಒಂದು ಕಥೆಯನ್ನು ರೆಕಾರ್ಡ್ ಮಾಡುವಂತೆ ಮಗಳಿಗೆ ಹೇಳಿ. ಆ ಸಂಜೆ ಅಜ್ಜಿಯ ಧ್ವನಿ ಒಂದು ಮನೆಯಲ್ಲಾದರೂ ಉಳಿಯುತ್ತದೆ.

ಆಮೆಯ ಬೆನ್ನೇರಿ ಸಮುದ್ರದ ಅರಮನೆಗೆ ಹೋದ ಮೊಲವು ‘ಯಕೃತ್ತನ್ನು ದಡದಲ್ಲಿ ಬಿಟ್ಟು ಬಂದೆ’ ಎಂದು ಸುಳ್ಳು ಹೇಳಿ ಬದುಕಿತು. ನಾವು ಮಾತ್ರ ಅದನ್ನು ನಿಜವಾಗಿಯೂ ದಡದಲ್ಲಿ ಬಿಟ್ಟು ಬಂದಂತಿದೆ. ಮರಳಿ ಹೋಗಿ ತರಲು ಇನ್ನೂ ಸಮಯವಿದೆ, ಅಜ್ಜಿಯರು ಇರುವವರೆಗೆ.